ಕರ್ಸರಿನ ಸಂಚಾರವೂ ಕನ್ನಡದ ಅಕ್ಷರವೂ

ಬರೆಹದ ಕೆಲಸದಲ್ಲಿ ಹೊಸ ಅಕ್ಷರಗಳನ್ನು ಮೂಡಿಸುವುದಕ್ಕೆ ತಗಲುವ ಕಾಲಕ್ಕಿಂತ, ಮೂಡಿಸಿದ್ದನ್ನು ತಿದ್ದುವುದಕ್ಕಾಗಿ ತಕ್ಕ ಸ್ಥಳವನ್ನು ಹೋಗಿ ಸೇರುವುದಕ್ಕೆ ತಗಲುವ ಕಾಲವೇ ಅನೇಕ ವೇಳೆ ಅಧಿಕವಾಗಿರುತ್ತದೆಂಬುದು ಗಣಕಯಂತ್ರದ ಮುಂದೆ ದಿನವಿಡೀ ದುಡಿಯುವವರೆಲ್ಲರ ಅನುಭವಕ್ಕೆ ಬಂದ ಸಂಗತಿ. ಕಮಲನಗರದಲ್ಲಾಗಲಿ ಭಾಲ್ಕಿಯಲ್ಲಾಗಲಿ ತಹಸೀಲು ಕಚೇರಿಯ ಆಸುಪಾಸಿನಲ್ಲಿರುವ ಟೈಪಿಂಗ್ ಅಂಗಡಿಯೊಂದರಲ್ಲಿ ಅರ್ಧ ತಾಸು ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅರ್ಜಿ, ಕರಾರುಪತ್ರ, ಅಫಿಡವಿಟ್ಟುಗಳ ಹಳೆಯ ಮಾದರಿಗಳು ಯಂತ್ರದಲ್ಲಿ ಸಿದ್ಧವಾಗಿಯೇ ಇರುತ್ತವೆ; ಹೆಸರು, ಊರು, ಸರ್ವೆ ನಂಬರು, ದಿನಾಂಕ ಇವುಗಳನ್ನು ಬದಲಿಸುವುದೇ ಅಲ್ಲಿಯ ಮುಖ್ಯ ಉದ್ಯೋಗ. "ಕಾಕಾ, ತಂದಿ ಹೆಸರು ತಪ್ಪಾಗ್ಯಾದ್ರಿ, ಜರಾ ಸರಿ ಮಾಡಿಕೊಡ್ರಿ" ಎಂದು ಗಿರಾಕಿ ಕಾಗದವನ್ನು ಮರಳಿ ತಂದಾಗ, ಕುಳಿತವರು ಬಾಣದ ಕೀಲಿಯನ್ನು ಒತ್ತಿಹಿಡಿದು ಸಾಲುಸಾಲಾಗಿ ಕೆಳಗಿಳಿಯುತ್ತಾರೆ, ಬೇಕಾದ ಪದವನ್ನು ದಾಟಿ ಮುಂದೆ ಹೋಗುತ್ತಾರೆ, ಹಿಂದಿರುಗುತ್ತಾರೆ, ಕಡೆಗೆ ಮೌಸಿನತ್ತ ಕೈಚಾಚುತ್ತಾರೆ. ತಿದ್ದುವುದು ಎರಡೇ ಅಕ್ಷರ. ಅದಕ್ಕಾಗಿ ನಡೆದ ಸಂಚಾರವೇ ದೊಡ್ಡದು.

ಈ ಸಂಚಾರವನ್ನು ಹಗುರಗೊಳಿಸುವುದು ಹೇಗೆಂಬುದನ್ನು ಕುರಿತು ಐವತ್ತು ವರ್ಷಗಳಿಂದ ಗಂಭೀರವಾದ ಚಿಂತನೆ ನಡೆದಿದೆ; ಆ ಚಿಂತನೆಯ ಫಲವಾಗಿ ಕೀಲಿಮಣೆಯೊಂದರಿಂದಲೇ ಸರ್ವವನ್ನೂ ನಡೆಸುವ ಎಡಿಟರುಗಳು, ಪ್ರಧಾನವಾಗಿ ವಿಮ್ ಮತ್ತು ಈಮ್ಯಾಕ್ಸ್ ಎಂಬವು, ಬೆಳೆದು ನಿಂತಿವೆ. ಆದರೆ ಆ ಚಿಂತನೆಯೆಲ್ಲ ರೋಮನ್ ಲಿಪಿಯನ್ನೇ ಕಣ್ಣಮುಂದಿಟ್ಟುಕೊಂಡು ನಡೆಯಿತಾದ್ದರಿಂದ, ಕನ್ನಡ, ಮರಾಠಿ, ಉರ್ದು, ತೆಲುಗು ಎಂಬ ನಾಲ್ಕು ನುಡಿಗಳ ಸಂದಿಯಲ್ಲಿರುವ ನಮ್ಮ ಬೀದರ ಜಿಲ್ಲೆಯ ಬರೆಹಗಾರನಿಗೆ ಅದರಲ್ಲಿ ಎಷ್ಟು ಸಲ್ಲುತ್ತದೆ, ಎಷ್ಟು ಸಲ್ಲುವುದಿಲ್ಲ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿಕೊಳ್ಳುವುದು ಅವಶ್ಯ.

ಮೊದಲು ಪೂರ್ವವೃತ್ತಾಂತ. 1969ರ ಸುಮಾರಿಗೆ ಕೆನ್ ಥಾಮ್ಸನ್ ರಚಿಸಿದ ‘ಇ-ಡಿ’ ಎಂಬ ಎಡಿಟರಿನಲ್ಲಿ ಕರ್ಸರೆಂಬ ವಸ್ತುವೇ ಇರಲಿಲ್ಲ. ಟೆಲಿಟೈಪ್ ಯಂತ್ರವು ಕಾಗದದ ಮೇಲೆ ಅಚ್ಚೊತ್ತುತ್ತಿದ್ದ ಆ ಕಾಲದಲ್ಲಿ ಸಾಲಿನ ಸಂಖ್ಯೆಯನ್ನೋ ಸಾಲಿನೊಳಗಣ ಪದವೊಂದನ್ನೋ ಹೇಳಿ ಆ ಸಾಲನ್ನು ಕರೆಸಿಕೊಳ್ಳಬೇಕಾಗಿತ್ತು. ಅಂದರೆ, ಪರದೆಯ ಮೇಲೆ ಮಿಣುಕುವ ಗೆರೆ ಹುಟ್ಟುವುದಕ್ಕಿಂತ ಮೊದಲೇ, ತಲುಪಬೇಕಾದ ಸ್ಥಳವನ್ನು ಅದರ ಹೆಸರಿನಿಂದ ಕರೆಯುವ ಪದ್ಧತಿ ಹುಟ್ಟಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ ಈ ಪದ್ಧತಿಗೆ ಪರದೆಯನ್ನು ಜೋಡಿಸಿ ‘ವಿ-ಐ’ ಎಂಬ ಎಡಿಟರನ್ನು ನಿರ್ಮಿಸಿದರು. ಅವರು ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳಿಗೆ ಪ್ರತ್ಯೇಕ ಕೀಲಿಗಳಿರದೆ, ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅವು ಅಚ್ಚಾಗಿದ್ದುದರಿಂದ, ಆ ನಾಲ್ಕು ಕೀಲಿಗಳೇ ಎಡ, ಕೆಳಗೆ, ಮೇಲೆ, ಬಲ ಎಂಬ ದಿಕ್ಕುಗಳಿಗೆ ನಿಯುಕ್ತವಾದವು. ಆ ಟರ್ಮಿನಲ್ ಮೂಲೆಗೆ ಸೇರಿ ದಶಕಗಳೇ ಕಳೆದರೂ ಈ ನಿಯೋಗ ಇಂದಿಗೂ ಉಳಿದಿದೆ. ಜಾಯ್ ಮನೆಯಿಂದ ಕೆಲಸ ಮಾಡುವಾಗ ಅವರಿಗಿದ್ದದ್ದು ಸೆಕೆಂಡಿಗೆ 300 ಬಿಟ್ ಸಾಗಿಸುವ ಮೋಡೆಮ್. ಅದು ಸೆಕೆಂಡಿಗೆ ಹೆಚ್ಚುಕಡಿಮೆ 30 ಅಕ್ಷರ ತರಬಲ್ಲದು. 24 ಸಾಲು, ಸಾಲಿಗೆ 80 ಮನೆಗಳಿರುವ ಪರದೆಯೊಂದು ತುಂಬಬೇಕಾದರೆ 1920 ಅಕ್ಷರಗಳು, ಎಂದರೆ ಒಂದು ನಿಮಿಷಕ್ಕೂ ಮಿಕ್ಕಿದ ಕಾಲ ಬೇಕು. ಹೀಗಿರುವಲ್ಲಿ ಪುಟವನ್ನು ಮೇಲೆ ಕೆಳಗೆ ಸರಿಸಿ ಕಣ್ಣಿನಿಂದ ಹುಡುಕುವ ವಿಲಾಸಕ್ಕೆ ಅವಕಾಶವೆಲ್ಲಿ? ಒಂದೆರಡು ಕೀಲಿಗಳಲ್ಲಿ ನೇರವಾಗಿ ಗುರಿಯನ್ನು ಮುಟ್ಟುವ ಆಜ್ಞೆಗಳು ಇಂಥ ದಾರಿದ್ರ್ಯದ ಕೂಸುಗಳು. ಹಾಲೆಂಡಿನ ಬ್ರಾಮ್ ಮೂಲೆನಾರ್ ಈ ಎಡಿಟರನ್ನು ಪರಿಷ್ಕರಿಸಿ 1991ರಲ್ಲಿ ವಿಮ್ ಎಂಬ ಹೆಸರಿನಲ್ಲಿ ಲೋಕಕ್ಕೆ ಕೊಟ್ಟು, 2023ರ ಆಗಸ್ಟಿನಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ಪೋಷಿಸಿದರು. ಬಳಸುವವರಿಂದ ಹಣ ಕೇಳದೆ, ಮನಸ್ಸಿದ್ದರೆ ಯುಗಾಂಡದ ಅನಾಥ ಮಕ್ಕಳಿಗೆ ನೆರವಾಗಿರೆಂದು ಮಾತ್ರ ಕೇಳಿಕೊಂಡ ಆ ಪುರುಷನನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ.

ವಿಮ್‌ನ ಸ್ವಭಾವ ಹೀಗಿದೆ: ಅಕ್ಷರ ಸೇರಿಸುವ ಅವಸ್ಥೆ ಬೇರೆ, ಆಜ್ಞೆ ಕೊಡುವ ಅವಸ್ಥೆ ಬೇರೆ, ಎಸ್ಕೇಪ್ ಕೀಲಿಯನ್ನೊತ್ತಿ ಮೊದಲನೆಯದರಿಂದ ಎರಡನೆಯದಕ್ಕೆ ಬಂದರೆ, ಕೀಲಿಮಣೆಯ ಪ್ರತಿಯೊಂದು ಕೀಲಿಯೂ ಒಂದು ಆಜ್ಞೆಯಾಗುತ್ತದೆ. ಡಬ್ಲ್ಯೂ ಒತ್ತಿದರೆ ಮುಂದಿನ ಪದದ ಆದಿ, ಬಿ ಒತ್ತಿದರೆ ಹಿಂದಿನ ಆದಿ, ಇ ಒತ್ತಿದರೆ ಪದದ ಅಂತ್ಯ. ಸೊನ್ನೆ ಒತ್ತಿದರೆ ಸಾಲಿನ ಮೊದಲು, ಡಾಲರ್ ಚಿಹ್ನೆ ಒತ್ತಿದರೆ ಸಾಲಿನ ಕೊನೆ. ಎಫ್ ಒತ್ತಿ ಒಂದು ಅಕ್ಷರವನ್ನು ಹೇಳಿದರೆ ಆ ಸಾಲಿನಲ್ಲಿ ಅದು ಮುಂದೆಲ್ಲಿದೆಯೋ ಅಲ್ಲಿಗೆ ಜಿಗಿತ. ಓರೆಗೆರೆಯೊತ್ತಿ ಪದವೊಂದನ್ನು ಹೇಳಿದರೆ ಇಡೀ ಕಡತದಲ್ಲಿ ಅದರ ಶೋಧ. ಈ ಚಲನೆಗಳ ಮುಂದೆ ಅಳಿಸು, ಬದಲಿಸು, ನಕಲಿಸು ಎಂಬ ಕ್ರಿಯೆಗಳನ್ನು ಸೂಚಿಸುವ ಒಂದೊಂದು ಕೀಲಿಯನ್ನು ಜೋಡಿಸಿದರೆ, ‘ಪದಾಂತ್ಯದವರೆಗೆ ಅಳಿಸು’, ‘ವಾಕ್ಯಾಂತ್ಯದವರೆಗೆ ಬದಲಿಸು’ ಎಂಬ ಪೂರ್ಣ ವಾಕ್ಯಗಳೇ ಎರಡು ಮೂರು ಬೆರಳೇಟುಗಳಲ್ಲಿ ಸಿದ್ಧವಾಗುತ್ತವೆ. ಕೆಲವೇ ಧಾತುಗಳೂ ಕೆಲವೇ ಪ್ರತ್ಯಯಗಳೂ ಕೂಡಿ ಅಸಂಖ್ಯ ರೂಪಗಳಾಗುವುದನ್ನು ಬಾಲ್ಯದಿಂದ ಬಲ್ಲ ನಮಗೆ ಈ ವ್ಯವಸ್ಥೆ ಪರಕೀಯವೆನಿಸಬೇಕಾಗಿಲ್ಲ.

ಅವಸ್ಥಾಭೇದವಿರುವ ಎಡಿಟರುಗಳನ್ನು ಬಲವಾಗಿ ವಿರೋಧಿಸಿದವರೂ ಉಂಟು. ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಲ್ಯಾರಿ ಟೆಸ್ಲರ್, ಬಳಸುವವನು ತಾನು ಯಾವ ಅವಸ್ಥೆಯಲ್ಲಿದ್ದೇನೆಂಬುದನ್ನು ಮರೆತು ಅನರ್ಥಕ್ಕೀಡಾಗುತ್ತಾನೆಂದು ಜೀವಮಾನವಿಡೀ ವಾದಿಸಿದರು. ಇಂದು ಜಗತ್ತೆಲ್ಲ ಬಳಸುವ, ಮೌಸಿನಿಂದ ಆಯ್ದು ಕತ್ತರಿಸಿ ಅಂಟಿಸುವ ಕ್ರಮಕ್ಕೆ ಅವರೇ ಮುಖ್ಯ ಕಾರಣಪುರುಷರು. ಅವರ ಆಕ್ಷೇಪ ಹೊಸಬನ ಮಟ್ಟಿಗೆ ಸಂಪೂರ್ಣ ಸತ್ಯ. ಆದರೆ ಹೊಸದಾಗಿ ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚಾಗಿರುವ ಕೆಲಸದಲ್ಲಿ, ತಿದ್ದುವುದನ್ನೇ ಸಹಜಾವಸ್ಥೆಯೆಂದೂ ಬರೆಯುವುದನ್ನು ನಡುವೆ ಬಂದುಹೋಗುವ ಅವಸ್ಥೆಯೆಂದೂ ಎಣಿಸುವ ಕ್ರಮವೇ ವಾಸ್ತವಕ್ಕೆ ಹತ್ತಿರವೆಂದು ನಾನು ತಿಳಿದಿದ್ದೇನೆ.

ಮೌಸು ಹೆಚ್ಚೋ ಕೀಲಿ ಹೆಚ್ಚೋ ಎಂಬ ವಿವಾದದಲ್ಲಿ ಅಭಿಮಾನದ ಮಾತುಗಳೇ ಬಹಳ ಕೇಳಿಬರುತ್ತವೆಯಾದರೂ ಅಳತೆಗಳೂ ಇಲ್ಲದಿಲ್ಲ. ಕಾರ್ಡ್, ಇಂಗ್ಲಿಷ್, ಬರ್ ಎಂಬ ಮೂವರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಮೇಲಿನ ಪದವೊಂದನ್ನು ತಲುಪಲು ಮೌಸಿಗೆ ಸರಾಸರಿ 1.66 ಸೆಕೆಂಡು, ಪದ, ಸಾಲು, ಪರಿಚ್ಛೇದಗಳ ಮೇಲೆ ಹಾರುವ ಕೀಲಿಗಳಿಗೆ 2.26 ಸೆಕೆಂಡು, ಒಂದೊಂದೇ ಮನೆ ಸರಿಯುವ ಬಾಣದ ಕೀಲಿಗಳಿಗೆ 2.51 ಸೆಕೆಂಡು ಹಿಡಿದವು. 1989ರಲ್ಲಿ ಆ್ಯಪಲ್ ಸಂಸ್ಥೆಯ ಟೊಗ್ನಝಿನಿ, ಕೀಲಿಯೇ ವೇಗವೆಂಬುದು ಬಳಸುವವರ ಭ್ರಮೆ, ಗಡಿಯಾರ ಹೇಳುವುದು ಮೌಸಿನ ಪರವಾಗಿ ಎಂದು ಬರೆದರು. ಈ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ 1978ರ ಪ್ರಯೋಗದ ಕೀಲಿಗಳಲ್ಲಿ, ಗುರಿಯ ಹೆಸರನ್ನೇ ಹೇಳಿ ಅದನ್ನು ಕರೆಯುವ ಶೋಧಾಜ್ಞೆ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಕಾರ್ಡ್, ಮೊರಾನ್, ನ್ಯೂವೆಲ್ ಎಂಬವರು 1980ರಲ್ಲಿ ಕಟ್ಟಿಕೊಟ್ಟ ಲೆಕ್ಕದ ಕ್ರಮ ಇಲ್ಲಿ ಹೆಚ್ಚು ಬೆಳಕು ನೀಡುತ್ತದೆ: ನುರಿತ ಬೆರಳಚ್ಚುಗಾರನಿಗೆ ಒಂದು ಕೀಲಿಯೊತ್ತಲು ಸುಮಾರು 0.2 ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಒಯ್ಯಲು 0.4, ಗುರಿ ತೋರಿಸಲು 1.1, ಕೈಯನ್ನು ಮರಳಿ ತರಲು ಮತ್ತೆ 0.4, ಮನಸ್ಸು ಒಂದು ನಿರ್ಧಾರಕ್ಕೆ ಸಿದ್ಧವಾಗಲು 1.35. ಕೊನೆಯ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡದು. ಮೌಸಿನ ಹೋಗಿಬರುವಿಕೆ ಒಂಬತ್ತು ಹತ್ತು ಕೀಲಿಗಳಿಗೆ ಸಮ; ಆದರೆ ‘ಗುರಿ ಇಲ್ಲಿಂದ ಎಷ್ಟನೆಯ ಪದ?’ ಎಂದು ಮನಸ್ಸಿನಲ್ಲಿ ಎಣಿಸುತ್ತ ನಿಂತವನು ಆರೇಳು ಕೀಲಿಗಳ ಕಾಲವನ್ನು ಯಾವ ಕೀಲಿಯನ್ನೂ ಒತ್ತದೆಯೇ ಕಳೆದಿರುತ್ತಾನೆ.

ಆದಕಾರಣ, ಅತ್ಯಲ್ಪ ಕೀಲಿಗಳಲ್ಲಿ ಗುರಿ ಸೇರುವುದೇ ಕೌಶಲವೆಂದು ತಿಳಿದು, ಏಳು ಸಾಲು ಕೆಳಗೆ, ಹನ್ನೊಂದು ಪದ ಬಲಕ್ಕೆ ಎಂದು ಸಂಖ್ಯೆಗಳನ್ನು ಕೂಡಿಸುತ್ತ ಕುಳಿತುಕೊಳ್ಳುವ ಅಭ್ಯಾಸವನ್ನು ನಾನು ಪ್ರಶಂಸಿಸಲಾರೆ. ಓಣಿಯಲ್ಲಿ ಮನೆ ತೋರಿಸುವವನು ಇಷ್ಟು ಹೆಜ್ಜೆ ನಡೆ ಎನ್ನುವುದಿಲ್ಲ, ಹನುಮಂತ ದೇವರ ಗುಡಿಯ ಬಾಜೂಕೆ ಎನ್ನುತ್ತಾನೆ. ಕಣ್ಣು ಈಗಾಗಲೇ ಗುರಿಯ ಮೇಲೆ ನೆಟ್ಟಿರುವಾಗ, ಆ ಗುರಿಯಲ್ಲಿ ಬರೆದಿರುವ ಎರಡಕ್ಷರಗಳನ್ನೇ ಟೈಪು ಮಾಡಿದರೆ ಯಾವ ಎಣಿಕೆಯೂ ಬೇಡ. ಜೆಫ್ ರಾಸ್ಕಿನ್ 1987ರ ಕ್ಯಾನನ್ ಕ್ಯಾಟ್ ಎಂಬ ಯಂತ್ರವನ್ನು ರೂಪಿಸುವಾಗ ಬಾಣದ ಕೀಲಿಗಳನ್ನೂ ಮೌಸನ್ನೂ ಪೂರ್ತಿಯಾಗಿ ಕೈಬಿಟ್ಟು, ಹೆಬ್ಬೆರಳಿಗೆ ಎರಡು ‘ಲೀಪ್’ ಕೀಲಿಗಳನ್ನು ಕೊಟ್ಟರು: ಅವುಗಳಲ್ಲೊಂದನ್ನು ಒತ್ತಿಹಿಡಿದು ಗುರಿಯ ಅಕ್ಷರಗಳನ್ನು ಟೈಪು ಮಾಡುತ್ತ ಹೋದಂತೆ ಕರ್ಸರು ಅಲ್ಲಿಗೆ ಹಾರುತ್ತಿತ್ತು. ವ್ಯಾಪಾರದಲ್ಲಿ ಆ ಯಂತ್ರ ಗೆಲ್ಲಲಿಲ್ಲವಾದರೂ ಅದರ ಮೂಲತತ್ತ್ವ ಈ ವಿಷಯದಲ್ಲಿ ಹೇಳಲಾದ ಅತ್ಯುತ್ತಮ ಮಾತೆಂದೇ ನನ್ನ ಭಾವನೆ. 1976ರಲ್ಲಿ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್, ಗೈ ಸ್ಟೀಲ್ ಮೊದಲಾದವರ ಕೈಯಲ್ಲಿ ರೂಪುಗೊಂಡ ಈಮ್ಯಾಕ್ಸಿನಲ್ಲಿಯೂ, ಅಕ್ಷರಕ್ಕೆ ಅಕ್ಷರ ಸೇರಿದಂತೆ ಮುಂದೊತ್ತುವ ಇಂಥದೇ ಶೋಧವೊಂದು ಕಂಟ್ರೋಲ್ ಮತ್ತು ಎಸ್ ಕೀಲಿಗಳಲ್ಲಿ ನೆಲೆಸಿದೆ. 1978ರ ವರ್ಡ್‌ಸ್ಟಾರ್ ಕಂಟ್ರೋಲ್ ಕೀಲಿಯೊಡನೆ ಇ, ಎಕ್ಸ್, ಎಸ್, ಡಿ ಎಂಬ ವಜ್ರಾಕೃತಿಯ ನಾಲ್ಕು ಕೀಲಿಗಳನ್ನು ದಿಕ್ಕುಗಳಿಗೆ ಗೊತ್ತುಮಾಡಿತ್ತು. ಡಾಸ್ ಯುಗದ ಟೈಪಿಂಗ್ ಶಾಲೆಗಳಲ್ಲಿ ಕಲಿತ ಹಿರಿಯರ ಬೆರಳುಗಳಿಗೆ ಇಂದಿಗೂ ಅದು ನೆನಪಿರುವುದುಂಟು.

ಇನ್ನು ಕನ್ನಡಕ್ಕೆ ಬರೋಣ. ಈ ಎಡಿಟರುಗಳ ಚಲನೆಗಳೆಲ್ಲ ಸಮಾನವಾಗಿ ನಮಗೆ ಉಪಯುಕ್ತವಲ್ಲ. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಬಿಡಿಯಾದ ಚಿಕ್ಕ ಪದಗಳು ನಿರ್ವಹಿಸುವುದರಿಂದ ಪದದ ಆದಿಗೆ ಹಾರುವುದೇ ಅಲ್ಲಿ ಪ್ರಧಾನ ಚಲನೆ. ಕನ್ನಡದಲ್ಲಿ ವಿಭಕ್ತಿ, ವಚನ, ಕಾಲ, ಪುರುಷ, ನಿಷೇಧ, ಅವಧಾರಣೆ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಂಡಿರುವುದರಿಂದ, ‘ಊರಿನಲ್ಲಿ’ ಎಂಬುದನ್ನು ‘ಊರಿನಿಂದ’ ಎಂದೋ, ‘ಬಂದಿದ್ದಾನೆ’ ಎಂಬುದನ್ನು ‘ಬಂದಿದ್ದಾರೆ’ ಎಂದೋ ತಿದ್ದುವ ಪ್ರಸಂಗಗಳೇ ಹೆಜ್ಜೆಹೆಜ್ಜೆಗೂ ಬರುತ್ತವೆ. ಆದ್ದರಿಂದ ವಿಮ್ ಕಲಿಯಹೊರಟ ಕನ್ನಡಿಗನು ಡಬ್ಲ್ಯೂ ಕೀಲಿಗಿಂತ ಮೊದಲು ಇ ಕೀಲಿಯನ್ನೂ, ಹಿಂದಿನ ಪದದ ಅಂತ್ಯಕ್ಕೆ ಕರೆದೊಯ್ಯುವ ಜಿ-ಇ ಜೋಡಿಯನ್ನೂ ಕೈವಶ ಮಾಡಿಕೊಳ್ಳುವುದು ಲೇಸು. ನಮ್ಮ ಪದಗಳು ಸಮಾಸ ಸಂಧಿಗಳಿಂದ ದೀರ್ಘವಾಗಿರುವುದರಿಂದ ಒಂದು ಹಾರಿಕೆಯಲ್ಲಿ ಕ್ರಮಿಸುವ ದೂರವೂ ಹೆಚ್ಚು. ಅದೇ ಕಾರಣದಿಂದ, ಪದದ ನಡುವೆ ಇಳಿಯಬೇಕಾದಾಗ ಅಕ್ಷರವನ್ನು ಹೆಸರಿಸುವ ಎಫ್ ಆಜ್ಞೆಯ ಅಗತ್ಯವೂ ಹೆಚ್ಚು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಕಮಲನಗರವು ಔರಾದ ತಾಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೇಲೆ, ಹಳೆಯ ಮಾದರಿಗಳಲ್ಲಿ ‘ಔರಾದ’ ಎಂದಿದ್ದ ಕಡೆಗಳನ್ನು ‘ಕಮಲನಗರ’ ಎಂದು ತಿದ್ದಬೇಕಾಯಿತಷ್ಟೆ. ಒಂದೇಟಿಗೆ ಎಲ್ಲವನ್ನೂ ಬದಲಿಸುವ ಆಜ್ಞೆ ಎಲ್ಲ ಎಡಿಟರುಗಳಲ್ಲಿಯೂ ಇದೆ. ಆದರೆ ಔರಾದ ತಾಲೂಕಿನಲ್ಲೇ ಉಳಿದ ಗ್ರಾಮಗಳೂ ಅದೇ ಕಾಗದದಲ್ಲಿ ಬರಬಹುದಾದ್ದರಿಂದ ಪ್ರತಿಯೊಂದು ಸ್ಥಳದಲ್ಲಿಯೂ ನಿಂತು, ನೋಡಿ, ತೀರ್ಮಾನಿಸುವುದು ಅನಿವಾರ್ಯ. ವಿಮ್‌ನಲ್ಲಿ ಓರೆಗೆರೆಯೊತ್ತಿ ‘ಔರಾದ’ ಎಂದು ಶೋಧಿಸಿ, ಸಿ-ಜಿ-ಎನ್ ಎಂಬ ಮೂರು ಕೀಲಿಗಳನ್ನೊತ್ತಿ ‘ಕಮಲನಗರ’ ಎಂದು ಬರೆದು, ಎಸ್ಕೇಪ್ ಒತ್ತಿದರೆ ಮೊದಲನೆಯದು ಮುಗಿಯಿತು. ಅಲ್ಲಿಂದ ಮುಂದೆ ಎನ್ ಕೀಲಿ ಮುಂದಿನ ಔರಾದಕ್ಕೆ ಕರೆದೊಯ್ಯುತ್ತದೆ. ಬದಲಿಸತಕ್ಕದ್ದಾದರೆ ಚುಕ್ಕೆಯ ಕೀಲಿ, ಬಿಡತಕ್ಕದ್ದಾದರೆ ಮತ್ತೆ ಎನ್. ಈ ಆಜ್ಞೆಯ ಗುಣವಿಶೇಷವೇನೆಂದರೆ, ಅದು ಶೋಧಿಸಿದ ಭಾಗವನ್ನಷ್ಟೇ ಬದಲಿಸಿ ಪದದ ಶೇಷವನ್ನು ಮುಟ್ಟದಿರುವುದು: ‘ಔರಾದಕ್ಕೆ’ ಎಂಬುದು ‘ಕಮಲನಗರಕ್ಕೆ’ ಎಂದೂ, ‘ಔರಾದದಲ್ಲಿ’ ಎಂಬುದು ‘ಕಮಲನಗರದಲ್ಲಿ’ ಎಂದೂ, ಪ್ರತ್ಯಯಕ್ಕೆ ಊನವಿಲ್ಲದೆ ಮಾರ್ಪಡುತ್ತವೆ. ಎರಡು ಹೆಸರುಗಳೂ ಅಕಾರಾಂತವಾಗಿರುವುದು ಇಲ್ಲಿಯ ಅನುಕೂಲ. ‘ಭಾಲ್ಕಿ’ ಎಂದು ತಿದ್ದಬೇಕಾಗಿದ್ದರೆ ‘ಭಾಲ್ಕಿಗೆ’, ‘ಭಾಲ್ಕಿಯಲ್ಲಿ’ ಎಂದು ಪ್ರತ್ಯಯಗಳನ್ನೂ ಕೈಯಿಂದ ಸರಿಪಡಿಸಬೇಕಾಗುತ್ತಿತ್ತು.

ಇಲ್ಲಿಯವರೆಗಿನದು ಸುಗಮ. ಕಷ್ಟವಿರುವುದು ಎಲ್ಲಕ್ಕಿಂತ ಸಣ್ಣ ಚಲನೆಯಲ್ಲಿ, ಒಂದು ಅಕ್ಷರ ಮುಂದೆ ಸರಿ ಎಂಬಲ್ಲಿ. ಒಂದು ಅಕ್ಷರವೆಂದರೆ ಯಾವುದು? ‘ಕಮಲನಗರ’ ಎಂದು ಬರೆದರೆ ತೊಡಕಿಲ್ಲ: ಓದುವವನಿಗೆ ಆರು ಅಕ್ಷರ, ಯೂನಿಕೋಡಿನ ಸಂಕೇತಗಳೂ ಆರು, ಕರ್ಸರು ನಿಲ್ಲುವ ಸ್ಥಾನಗಳೂ ಆರು. ‘ಭಾಲ್ಕಿ’ ಎಂದು ಬರೆದೊಡನೆ ಈ ಐಕಮತ್ಯ ಮುರಿಯುತ್ತದೆ: ಓದುವವನಿಗೆ ಎರಡಕ್ಷರ, ಸಂಕೇತಗಳು ಆರು, ಕರ್ಸರು ನಿಲ್ಲುವುದು ಮೂರು ಕಡೆ. ‘ಕರ್ನಾಟಕ’ ಎಂಬುದು ನಾಲ್ಕಕ್ಷರದ ಪದ. ಸಂಕೇತಗಳು ಏಳು, ಯಂತ್ರದ ಒಡಲಿನಲ್ಲಿ ಅದು ಹಿಡಿಯುವ ಜಾಗ 21 ಬೈಟು, ವಿಮ್‌ನಲ್ಲಿ ಅದನ್ನು ದಾಟುವ ಹೆಜ್ಜೆಗಳು ಐದು. ಏಕೆಂದರೆ ಸ್ವರಚಿಹ್ನೆಗಳನ್ನೂ ಹಲಂತದ ಗುರುತನ್ನೂ ಹಿಂದಿನ ವ್ಯಂಜನಕ್ಕೆ ಸೇರಿಸಿ ಒಂದು ಘಟಕವೆಂದು ಎಣಿಸುವ ಸಾಮಾನ್ಯ ನಿಯಮವು, ಹಲಂತದ ಮುಂದೆ ಬರುವ ಒತ್ತಕ್ಷರವನ್ನು ಬೇರೊಂದು ಘಟಕವೆಂದು ಕತ್ತರಿಸಿಬಿಡುತ್ತದೆ. ಅರ್ಕಾವೊತ್ತಿನ ಪದದಲ್ಲಿ ತೊಡಕು ಇಮ್ಮಡಿ: ‘ರ್ನಾ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ‘ನಾ’, ಆಮೇಲೆ ಅರ್ಕಾವೊತ್ತು, ಯಂತ್ರದ ಸ್ಮೃತಿಯಲ್ಲಿ ಮೊದಲಿರುವುದು ‘ರ’, ಆಮೇಲೆ ಹಲಂತ, ಆಮೇಲೆ ‘ನಾ’. ಕರ್ಸರು ರಕಾರದ ಮೇಲೆ ನಿಂತಿದೆಯೆಂದು ಯಂತ್ರ ಭಾವಿಸಿರುವಾಗ ಓದುಗನ ಕಣ್ಣು ನಕಾರವನ್ನು ನೋಡುತ್ತಿರುತ್ತದೆ. ಆ ಗಳಿಗೆಯಲ್ಲಿ ಅಳಿಸುವ ಕೀಲಿಯನ್ನೊತ್ತಿದರೆ ಹೋಗುವುದು ಯಾವುದೆಂಬುದು ಅನುಭವಿಗಳಿಗೂ ಹೊಳೆಯುವುದಿಲ್ಲ.

ಹಿಂದಿನ ನುಡಿ ಮುಂತಾದ ಯೂನಿಕೋಡ್ ಪೂರ್ವದ ತಂತ್ರಾಂಶಗಳಲ್ಲಿ ಈ ಗೊಂದಲ ಬೇರೆ ರೂಪದಲ್ಲಿತ್ತು. ಅಲ್ಲಿ ಸಂಗ್ರಹವಾಗುತ್ತಿದ್ದುದು ಅಕ್ಷರದ ಚಿತ್ರಖಂಡಗಳು. ಕರ್ಸರು ವ್ಯಂಜನಕ್ಕೂ ಅದರ ಒತ್ತಿಗೂ ನಡುವೆ, ಅಕ್ಷರಕ್ಕೂ ಅದರ ದೀರ್ಘಕ್ಕೂ ನಡುವೆ ನಿಲ್ಲುತ್ತಿತ್ತು. ಅದು ಭಾಷಾದೃಷ್ಟಿಯಿಂದ ಅಸಂಬದ್ಧವಾದರೂ, ಕಂಡದ್ದೇ ಸ್ಥಾನ, ಸ್ಥಾನವೇ ಕಂಡದ್ದು ಎಂಬ ಸರಳತೆ ಅದರಲ್ಲಿತ್ತು; ಹಳೆಯ ನುಡಿಯನ್ನು ಬಿಡಲೊಲ್ಲದ ಡಿಟಿಪಿ ಕೆಲಸಗಾರರ ಹಟಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ, ಮತ್ತು ಆ ಕಾರಣ ಉಪೇಕ್ಷಣೀಯವಲ್ಲ.

2023ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ 15.1ನೆಯ ಆವೃತ್ತಿ ಈ ವಿಷಯದಲ್ಲಿ ಒಂದು ಮಹತ್ವದ ತಿದ್ದುಪಡಿ ಮಾಡಿತು. ಹಲಂತದಿಂದ ಬೆಸೆದ ಸಂಯುಕ್ತಾಕ್ಷರವನ್ನು ಕತ್ತರಿಸದೆ ಒಂದೇ ಘಟಕವಾಗಿ ಎಣಿಸಬೇಕೆಂಬ ಹೊಸ ನಿಯಮವನ್ನು ಅದು ಸೇರಿಸಿತು. ಆದರೆ ಎಲ್ಲ ಭಾರತೀಯ ಲಿಪಿಗಳಿಗೂ ಅನ್ವಯಿಸಲಿಲ್ಲ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಆ ಪಟ್ಟಿಯಲ್ಲಿ ಸೇರಿದವು, ಕನ್ನಡ ಸೇರಲಿಲ್ಲ. ಇದರ ಪರಿಣಾಮವನ್ನು ಗಡಿಯಲ್ಲಿರುವ ನಾವು ನೋಡಬಲ್ಲಷ್ಟು ನೇರವಾಗಿ ಬೆಂಗಳೂರಿನವರು ನೋಡಲಾರರು. ‘ಮಹಾರಾಷ್ಟ್ರ’ ಎಂಬ ಪದವನ್ನು ಗಡಿಯಾಚೆಯ ಉದಗೀರದವನೊಬ್ಬ ದೇವನಾಗರಿಯಲ್ಲಿ ಬರೆದರೆ ಆ ನಿಯಮದಂತೆ ಅದು ನಾಲ್ಕು ಘಟಕ. ತೆಲುಗಿನಲ್ಲಿ ಬರೆದರೂ ನಾಲ್ಕೇ. ಕಮಲನಗರದವನು ಕನ್ನಡದಲ್ಲಿ ಬರೆದರೆ, ಕೊನೆಯ ಒಂದಕ್ಷರ ಮೂರಾಗಿ ಸೀಳಿ, ಆರು. ಒಂದೇ ರೈಲು ಮಾರ್ಗದ ಎರಡು ನಿಲ್ದಾಣಗಳ ನಡುವೆ ಒಂದೇ ಪದಕ್ಕೆ ಎರಡು ಲೆಕ್ಕ! ಕನ್ನಡದ ಒತ್ತಕ್ಷರವೂ ತೆಲುಗಿನ ಒತ್ತಕ್ಷರವೂ ಒಂದೇ ಮೂಲದಿಂದ ಬಂದು ಒಂದೇ ರೀತಿಯಲ್ಲಿ ಅಡಿಯಲ್ಲಿ ನಿಲ್ಲುವವಾಗಿರುವಾಗ ಈ ಭೇದಕ್ಕೆ ಲಿಪಿಯ ಸ್ವರೂಪದಲ್ಲಿ ಆಧಾರವಿದ್ದಂತೆ ನನಗೆ ಕಾಣುವುದಿಲ್ಲ. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯ ಕಾಲದಿಂದ ನಮ್ಮ ಛಂದಶ್ಶಾಸ್ತ್ರ ಸಂಯುಕ್ತಾಕ್ಷರವನ್ನು ಒಂದೇ ಅಕ್ಷರವೆಂದು ಎಣಿಸಿಕೊಂಡು ಬಂದಿದೆ. ಉತ್ಪಲಮಾಲೆಯ ಪಾದಕ್ಕೆ ಇಪ್ಪತ್ತು, ಚಂಪಕಮಾಲೆಯ ಪಾದಕ್ಕೆ ಇಪ್ಪತ್ತೊಂದು ಎಂಬ ಎಣಿಕೆ ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಸಾವಿರ ವರ್ಷಗಳಿಂದ ನಿರ್ಣೀತವಾದ ಘಟಕವನ್ನು ಯಂತ್ರಕ್ಕೆ ತಿಳಿಸಿಕೊಡುವ ಕೆಲಸ ಮಾತ್ರ ಉಳಿದಿದೆ. ಘಟಕಗಳನ್ನು ಕತ್ತರಿಸುವ ಆ ನಿಯಮ ಪೂರ್ವನಿಯೋಜಿತ ಮಾತ್ರವೆಂದೂ, ಆಯಾ ಭಾಷೆಯ ಅಗತ್ಯಕ್ಕೆ ತಕ್ಕಂತೆ ತಂತ್ರಾಂಶ ರಚಿಸುವವರು ಅದನ್ನು ಮಾರ್ಪಡಿಸಿಕೊಳ್ಳಬಹುದೆಂದೂ ಯೂನಿಕೋಡೇ ಹೇಳಿರುವುದರಿಂದ ದಾರಿಯೇನೂ ಮುಚ್ಚಿಲ್ಲ.

ಈಮ್ಯಾಕ್ಸ್ ಈ ವಿಷಯದಲ್ಲಿ ವಿಮ್‌ಗಿಂತ ಮುಂದಿದೆಯೆಂದು ಹೇಳಬೇಕು. ತನ್ನದೇ ಕಿಟಕಿಯಲ್ಲಿ ನಡೆಯುವಾಗ ಅದು ಅಕ್ಷರಗಳನ್ನು ಫಾಂಟಿನ ನಿಯಮದಂತೆ ಕೂಡಿಸಿ ತೋರಿಸಿ, ಕೂಡಿದ ರೂಪವನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ಟರ್ಮಿನಲ್ಲಿನೊಳಗೆ ನಡೆಯುವ ವಿಮ್‌ನಲ್ಲಿಯಾದರೋ ಸಮಾನ ಅಗಲದ ಚೌಕಗಳಲ್ಲಿ ಕನ್ನಡವನ್ನು ಕೂರಿಸುವ ಪ್ರಯತ್ನದಲ್ಲಿ ಒತ್ತುಗಳು ಬಿಡಿಯಾಗಿ ಚೆದರುವುದು ಇಂದಿಗೂ ತಪ್ಪಿಲ್ಲ.

ಕೀಲಿಮಣೆಯ ವಿನ್ಯಾಸದಿಂದ ಹುಟ್ಟುವ ಇನ್ನೊಂದು ತೊಡಕು ಹೊಸಬರನ್ನು ಮೊದಲ ದಿನವೇ ಕಂಗೆಡಿಸುತ್ತದೆ. ಕೆ. ಪಿ. ರಾಯರು ರೂಪಿಸಿದ, ನುಡಿಯ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳು ಹ, ಜ, ಕ, ಲ ಅಕ್ಷರಗಳು. ಎಫ್ ಕೀಲಿ ಒತ್ತಕ್ಷರವನ್ನು ಬೆಸೆಯುವ ಹಲಂತ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಹಲಂತವಿರುವುದು ಡಿ ಕೀಲಿಯಲ್ಲಿ. ವಿಮ್‌ನಲ್ಲಿ ಎಫ್ ಎಂದರೆ ಅಕ್ಷರವನ್ನು ಹುಡುಕು, ಡಿ ಎಂದರೆ ಅಳಿಸು. ಗಣಕದ ಸ್ವಂತ ಕನ್ನಡ ಕೀಲಿಮಣೆಯನ್ನು ಚಾಲೂ ಮಾಡಿಕೊಂಡು ಬರೆಯುತ್ತಿದ್ದವನು ಎಸ್ಕೇಪ್ ಒತ್ತಿ ಆಜ್ಞೆ ಕೊಡಹೊರಟರೆ, ವಿಮ್‌ಗೆ ತಲುಪುವುದು ಹಲಂತದ ಗುರುತೇ ಹೊರತು ಆಜ್ಞೆಯಲ್ಲ. ಪ್ರತಿಯೊಂದು ಸಲವೂ ಭಾಷೆಯನ್ನು ಬದಲಿಸುತ್ತ ಕುಳಿತರೆ ಉಳಿಸಿದ ಕಾಲವೆಲ್ಲ ಅಲ್ಲಿಯೇ ವ್ಯಯವಾಗುತ್ತದೆ. ಇದಕ್ಕೆ ಸರಿಯಾದ ಪರಿಹಾರ ಎಡಿಟರಿನೊಳಗಣ ಭಾಷಾಂಗವನ್ನೇ ಬಳಸುವುದು. ವಿಮ್‌ನ ಕೀಮ್ಯಾಪ್ ಎಂಬ ಸೌಕರ್ಯ ಅಕ್ಷರ ಸೇರಿಸುವಾಗ ಮಾತ್ರವಲ್ಲದೆ ಎಫ್ ಆಜ್ಞೆಯ ಮುಂದಣ ಅಕ್ಷರಕ್ಕೂ ಅನ್ವಯವಾಗುವಂತೆ ಮಾಡಬಹುದಾಗಿದ್ದು, ಆಜ್ಞೆಗಳನ್ನು ಮುಟ್ಟುವುದಿಲ್ಲ. ಈಮ್ಯಾಕ್ಸಿನಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎಂಬ ಎರಡು ಕ್ರಮಗಳು ಸಿದ್ಧವಾಗಿವೆ; ಕಂಟ್ರೋಲ್ ಒತ್ತಿ ಹಿನ್ನೋರೆಗೆರೆಯನ್ನೊತ್ತಿದರೆ ಕನ್ನಡ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ, ಚಲನೆಯ ಕೀಲಿಗಳು ಎರಡೂ ಸ್ಥಿತಿಯಲ್ಲಿ ಅಬಾಧಿತ.

ಬೀದರದವನಿಗೆ ಉರ್ದುವನ್ನು ಬಿಟ್ಟು ಈ ಚರ್ಚೆಯನ್ನು ಮುಗಿಸುವುದು ಸಾಧ್ಯವಿಲ್ಲ. ನಿಜಾಮರ ಆಡಳಿತದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನಾಡಿದು; ಹಳೆಯ ಕಂದಾಯ ದಾಖಲೆಗಳಲ್ಲಿ, ಮಸೀದಿ ದರ್ಗಾಗಳ ಕಾಗದಗಳಲ್ಲಿ ಉರ್ದು ಇಂದಿಗೂ ಜೀವಂತ. ಬಲದಿಂದ ಎಡಕ್ಕೆ ಓಡುವ ಆ ಲಿಪಿಯ ಸಾಲಿನಲ್ಲಿ ಬಲಬಾಣವನ್ನೊತ್ತಿದರೆ ಕರ್ಸರು ಓದಿನ ಕ್ರಮದಲ್ಲಿ ಮುಂದೆ ಹೋಗಬೇಕೋ, ಕಣ್ಣಿನ ಕ್ರಮದಲ್ಲಿ ಬಲಕ್ಕೆ ಹೋಗಬೇಕೋ? ಕನ್ನಡ ವಾಕ್ಯದ ನಡುವೆ ಉರ್ದು ಹೆಸರೊಂದು ಬಂದರೆ ಕರ್ಸರು ಆ ಹೆಸರಿನ ಅಂಚಿನಲ್ಲಿ ಒಮ್ಮೆಲೇ ಅದರ ಇನ್ನೊಂದು ತುದಿಗೆ ನೆಗೆದಂತೆ ಕಾಣುವುದು ಈ ಪ್ರಶ್ನೆಯಿಂದಲೇ. 2012ರ ಈಮ್ಯಾಕ್ಸ್ 24ರಿಂದೀಚೆಗೆ ಎರಡೂ ದಿಕ್ಕಿನ ಲಿಪಿಗಳು ಒಂದೇ ಸಾಲಿನಲ್ಲಿ ಸರಿಯಾಗಿ ಮೂಡುತ್ತವೆ. ಅದರ ಮೂಲ ಆಜ್ಞೆಗಳು ‘ಎಡ’, ‘ಬಲ’ ಎಂದಿರದೆ ‘ಮುಂದೆ’, ‘ಹಿಂದೆ’ ಎಂದಿರುವುದರಿಂದ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಓದಿನ ಕ್ರಮದಲ್ಲಿ ಮುಂದಿನ ಅಕ್ಷರ ದೊರೆಯುತ್ತದೆ. ವಿಮ್ ಇಡೀ ಕಿಟಕಿಯನ್ನು ಬಲದಿಂದ ಎಡಕ್ಕೆ ತಿರುಗಿಸಬಲ್ಲದು. ಒಂದೇ ಸಾಲಿನಲ್ಲಿ ಎರಡು ದಿಕ್ಕುಗಳ ಮಿಶ್ರಣವನ್ನು ತಾನಾಗಿ ನಿರ್ವಹಿಸದೆ ಟರ್ಮಿನಲ್ಲಿನ ಮೇಲೆ ಬಿಡುತ್ತದೆ. ಎರಡು ಲಿಪಿಗಳ ಕಾಗದ ದಿನನಿತ್ಯ ಬರುವಲ್ಲಿ ಈಮ್ಯಾಕ್ಸೇ ಆಯ್ಕೆಗೆ ಅರ್ಹ. ಕನ್ನಡವೊಂದೇ ಆದರೆ, ಒತ್ತುಗಳನ್ನು ಸರಿಯಾಗಿ ತೋರಿಸುವ ಪರದೆ ದೊರೆತಾಗ, ವಿಮ್‌ನ ಚಲನೆಗಳ ಸೊಗಸಿಗೆ ಸಾಟಿಯಿಲ್ಲ.

ಕನ್ನಡಕ್ಕಾಗಿ ಒಂದು ನಿಯಮವನ್ನು ಬರೆಯುವವರು ಮುಂದೆ ಬಂದರೆ ಅವರು ಎರಡು ವಿಷಯಗಳನ್ನು ಒಂದರೊಡನೊಂದು ಬೆರೆಸದಿರಬೇಕು. ಚಲಿಸುವಾಗ ಇಡೀ ಅಕ್ಷರವೇ ಘಟಕವಾಗತಕ್ಕದ್ದು, ‘ಸ್ತ್ರೀ’ ಎಂಬುದನ್ನು ಒಂದೇ ಹೆಜ್ಜೆಯಲ್ಲಿ ದಾಟತಕ್ಕದ್ದು. ಆದರೆ ಟೈಪು ಮಾಡುತ್ತಿರುವಾಗ ‘ಸ್ತ್ರಿ’ ಎಂದು ಹ್ರಸ್ವ ಬಿದ್ದುಬಿಟ್ಟರೆ, ಹಿಂದಳಿಸುವ ಕೀಲಿ ಆ ಗುಡಿಸನ್ನಷ್ಟೇ ತೆಗೆದು ಉಳಿದ ಐದು ಸಂಕೇತಗಳನ್ನು ಬಿಡತಕ್ಕದ್ದು. ವಿಮ್‌ನಲ್ಲಿ ಚಿಹ್ನೆಗಳನ್ನು ಒಂದೊಂದಾಗಿ ಅಳಿಸುವಂತೆ ಮಾಡುವ ‘ಡೆಲ್‌ಕಂಬೈನ್’ ಎಂಬ ಆಯ್ಕೆ ಮೊದಲಿನಿಂದ ನಿಷ್ಕ್ರಿಯವಾಗಿರುತ್ತದೆ; ಕನ್ನಡ ಬರೆಯುವವರು ಅದನ್ನು ಸಕ್ರಿಯಗೊಳಿಸಿಕೊಳ್ಳುವುದು ಯುಕ್ತ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೂ ಕಕಾರಕ್ಕೂ ನಡುವೆ ಅವಿತಿರುವ, ಅಗಲವೇ ಇಲ್ಲದ ಅಡ್ಡಗುರುತು ಶೋಧದಲ್ಲಿ ಎಣಿಕೆಗೆ ಬಾರದಂತೆಯೂ, ‘ಕೋ’ ಎಂಬುದನ್ನು ಓತ್ವದ ಒಂದೇ ಸಂಕೇತದಿಂದ ಬರೆದರೂ ಒತ್ವದ ಮೇಲೆ ದೀರ್ಘವಿಟ್ಟು ಎರಡು ಸಂಕೇತಗಳಿಂದ ಬರೆದರೂ ಶೋಧ ಎರಡನ್ನೂ ಹಿಡಿಯುವಂತೆಯೂ ನೋಡಿಕೊಳ್ಳಬೇಕು. ಇಲ್ಲವಾದರೆ ಕಣ್ಣೆದುರಿಗಿರುವ ಪದವನ್ನು ಹೆಸರಿಟ್ಟು ಕರೆದಾಗ, ಅಂಥದ್ದಿಲ್ಲವೆಂದು ಎಡಿಟರು ಉತ್ತರ ಕೊಡುತ್ತದೆ, ಮತ್ತು ಕುಳಿತವನು ಬಾಣದ ಕೀಲಿಗೆ ಮರಳುತ್ತಾನೆ.